ಬಾಳೂರಿನಲ್ಲಿ ರೆಜಿ ಹಾಲ್ಡನ್ ತಿಥಿ

ಮೀಸೆ ಬೋಳಿಸಿಕೊಂಡು ಬಂದು ಅಂಗಳದಲ್ಲಿ ನಿಂತ ಗಂಡನನ್ನು ನಾನು ಗುರುತಿಸಲಿಲ್ಲ. ವಿಮೆ ಮಾಡಿಸಲು ಬಂದವನಿರಬೇಕು ಎಂದುಕೊಂಡು, ಸಾಹುಕಾರರು ತೋಟಕ್ಕೆ ಹೋಗಿದ್ದಾರೆ, ಸಂಜೆ ಬನ್ನಿ ಎಂದು ಹೇಳಿ ಒಳಗೆ ತಿರುಗಿದೆ. ಆಗ ಆ ಮನುಷ್ಯ, "ರುಕ್ಕು, ಒಂದು ಚೊಂಬು ನೀರು ತಗೊಂಡ್ಬಾ. ಸೂತಕ ಇದೆ, ಹಂಗೇ ಒಳಗೆ ಬರಂಗಿಲ್ಲ" ಅಂದದ್ದು ಕೇಳಿ ಧ್ವನಿಯಿಂದ ಗೊತ್ತಾಯಿತು.

ಅವರ ಕಡೆ ಹೋಗುವ ವಯಸ್ಸಿನವರು ಬಹಳ ಜನ ಇದ್ದಾರೆ. ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ನೆನೆಯುತ್ತ, ಯಾರು ಹೋದದ್ದು ಎಂದು ಕೇಳಿದೆ. ಅವರು ಮೊಬೈಲ್ ಎತ್ತಿ ತೋರಿಸಿದರು. ಅದರಲ್ಲಿ ಬೊಕ್ಕತಲೆಯ ಒಬ್ಬ ಬಿಳಿ ಮುದುಕ ಎರಡು ಕೋಲು ಹಿಡಿದು ಕೂತಿದ್ದ. ರೆಜಿ ಹಾಲ್ಡನ್, ಡ್ರಮ್ ಬಾರಿಸುವವನು, ಇಂಗ್ಲೆಂಡಿನ ಯಾವುದೋ ಊರಿನಲ್ಲಿ ನಿದ್ದೆಯಲ್ಲೇ ತೀರಿಕೊಂಡಿದ್ದ. ಅವನಿಗಾಗಿ ನನ್ನ ಗಂಡ, ಬಾಳೂರಿನ ಕಾಫಿ ಪ್ಲಾಂಟರ್ ರುದ್ರಪ್ಪನವರು, ಜೀಪಿನಲ್ಲಿ ಕೊಟ್ಟಿಗೆಹಾರಕ್ಕೆ ಹೋಗಿ, ಮದುವೆಯಾದ ದಿನದಿಂದ ನಾನು ನೋಡಿಕೊಂಡು ಬಂದ ಮೀಸೆಯನ್ನು ತೆಗೆಸಿ ಬಂದಿದ್ದರು. ನೀರಿನ ಚೊಂಬನ್ನು ನಾನು ಕೈಗೆ ಕೊಡಲಿಲ್ಲ, ಮೆಟ್ಟಿಲ ಮೇಲೆ ಕುಕ್ಕಿದೆ.

ಈ ರೆಜಿ ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಇವರು ಚಿಕ್ಕಮಗಳೂರಿನಲ್ಲಿ ಕಾಲೇಜು ಓದುವಾಗ, ತೋಟ ಮಾರಿ ತನ್ನ ದೇಶಕ್ಕೆ ಹೊರಟ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯ ಸಾಮಾನು ಹರಾಜಾಯಿತಂತೆ. ಎಲ್ಲರೂ ಕುರ್ಚಿ, ಮೇಜು, ಬಂದೂಕಿಗೆ ಕೂಗಿದರೆ ಇವರು ಒಂದು ಕಟ್ಟು ಗ್ರಾಮಫೋನ್ ತಟ್ಟೆಗೆ ಕೂಗಿದರು. ಎದುರಿಗೆ ಕೂಗುವವರು ಯಾರೂ ಇರಲಿಲ್ಲ. ಆದರೂ ಅವಸರದಲ್ಲಿ ತಮ್ಮ ಬೆಲೆಯ ಮೇಲೆ ತಾವೇ ಮತ್ತೆ ಏರಿಸಿದರು. ಆ ಕಟ್ಟಿನಲ್ಲಿ ಐರನ್ ಪಾರ್ಸನ್ಸ್ ಎಂಬ ತಂಡದ ತಟ್ಟೆಗಳಿದ್ದವು. ರಟ್ಟಿನ ಮೇಲೆ ಉದ್ದ ಕೂದಲಿನ ನಾಲ್ವರ ಚಿತ್ರ. ಮೂವರು ನಮ್ಮನ್ನು ಹೊಡೆಯಲು ಬರುವವರ ಹಾಗೆ ನೋಡುತ್ತಿದ್ದರೆ, ಹಿಂದೆ ನಿಂತವನು ಬಸ್ಸು ಕಾಯುವವನ ಹಾಗೆ ಇನ್ನೆಲ್ಲೋ ನೋಡುತ್ತಿದ್ದಾನೆ. ಅವನೇ ರೆಜಿ.

ರೆಜಿಯ ಹೆಚ್ಚುಗಾರಿಕೆ ಏನೆಂದರೆ, ಅವನು ಪೆಟ್ಟನ್ನು ತಡವಾಗಿ ಹೊಡೆಯುತ್ತಾನೆ. ಹಾಡುವವನು ಕಿರುಚುತ್ತಿರುತ್ತಾನೆ, ಗಿಟಾರಿನವನು ಓಡುತ್ತಿರುತ್ತಾನೆ, ರೆಜಿಯ ಬಲಗಾಲು ದೊಡ್ಡ ಡ್ರಮ್ಮಿನ ಮೇಲೆ ಒಂದೇ ಸಮ ಬೀಳುತ್ತಿರುತ್ತದೆ. ಇನ್ನೇನು ಎಡಗೈಯ ಪೆಟ್ಟು ಬೀಳಬೇಕು, ಬೀಳುವುದಿಲ್ಲ. ಕೇಳುವವರ ಉಸಿರು ಗಂಟಲಲ್ಲಿ ನಿಲ್ಲುತ್ತದೆ. ಆಮೇಲೆ ಬೀಳುತ್ತದೆ. ಇದು ತಾಳ ತಪ್ಪಿದ್ದಲ್ಲ ಎಂದು ಇವರು ಮದುವೆಯಾದ ಹೊಸತರಲ್ಲಿ ನನಗೆ ಗಂಟೆಗಟ್ಟಲೆ ವಿವರಿಸಿದ್ದಾರೆ. ತಾಳ ತಪ್ಪುವವನು ತಡವಾಗಿ ಬಂದು ಓಡಿ ಉಳಿದವರನ್ನು ಸೇರಿಕೊಳ್ಳುತ್ತಾನೆ, ರೆಜಿ ತಡವಾಗಿ ಬಂದು ಬಂದಲ್ಲೇ ಕೂರುತ್ತಾನೆ, ಉಳಿದವರೇ ಅವನ ಹತ್ತಿರ ಹೋಗಬೇಕು. ದೊಡ್ಡ ಪೆಟ್ಟುಗಳ ನಡುವೆ ಕೋಲಿನ ತುದಿಯಿಂದ ಸಣ್ಣ ಸಣ್ಣ ಪೆಟ್ಟುಗಳನ್ನು ಉದುರಿಸುತ್ತಾನೆ. ಅವು ಇದ್ದರೆ ಕೇಳಿಸುವುದಿಲ್ಲ, ಇಲ್ಲದಿದ್ದರೆ ಹಾಡು ಸಪ್ಪೆಯಾಗುತ್ತದೆ. ಬೇರೆಯವರು ಪಾತ್ರೆ ಅಂಗಡಿಯ ಹಾಗೆ ಸುತ್ತ ಡ್ರಮ್ಮು ಜೋಡಿಸಿಕೊಂಡರೆ ಇವನಿಗೆ ನಾಲ್ಕೇ ಸಾಕು. ತಾನೊಬ್ಬನೇ ಬಾರಿಸಿ ತೋರಿಸಿದ್ದು ಒಂದು ತಟ್ಟೆಯಲ್ಲೂ ಇಲ್ಲ. ಮದುವೆ ಮನೆಯಲ್ಲಿ ಬಡಿಸುವವರಲ್ಲಿ ಒಬ್ಬೊಬ್ಬರು ಸೌಟನ್ನು ಎಲೆಯ ಮೇಲೆ ಅರೆಗಳಿಗೆ ಹಿಡಿದು, ನಮ್ಮ ಮುಖ ನೋಡಿ, ಆಮೇಲೆ ಬಡಿಸುತ್ತಾರಲ್ಲ, ಆ ಜಾತಿ. ಇದೆಲ್ಲ ನನಗೆ ಗೊತ್ತಿರುವುದು ಆಸಕ್ತಿಯಿಂದಲ್ಲ. ಮದುವೆಯಾದಾಗಿನಿಂದ ಅದೇ ತಟ್ಟೆಗಳನ್ನು ಕೇಳುತ್ತ ಅಕ್ಕಿರೊಟ್ಟಿ ತಟ್ಟಿದವಳಿಗೆ ಗೊತ್ತಾಗದೆ ಏನು?

ತಮಾಷೆಯೆಂದರೆ ಇಷ್ಟು ತಡವಾಗಿ ಹೊಡೆಯುವವನನ್ನು ಮೆಚ್ಚಿದ ನನ್ನ ಗಂಡ ಭೂಮಿಯ ಮೇಲಿನ ಅತ್ಯಂತ ಅವಸರದ ಮನುಷ್ಯ. ಮದುವೆ ಮಂಟಪದಲ್ಲಿ ಗಟ್ಟಿಮೇಳ ಶುರುವಾಗುವ ಮೊದಲೇ ನನಗೆ ತಾಳಿ ಕಟ್ಟಿ ಮುಗಿಸಿದರು. ಓಲಗದವರು ಗಾಬರಿಯಾಗಿ ಆಮೇಲೆ ಊದಿದರು, ಅಷ್ಟರಲ್ಲಿ ಇವರು ಎದ್ದು ನಿಂತಾಗಿತ್ತು. ತಿರುವು ಬರುವ ಮೊದಲೇ ಹಾರ್ನ್ ಹೊಡೆದು, ತಿರುವಿನಲ್ಲಿ ಸುಮ್ಮನಿರುತ್ತಾರೆ. ಮೂಡಿಗೆರೆಯಲ್ಲಿ ಆರ್ಕೆಸ್ಟ್ರಾ ತಂಡವೊಂದು ಮುಚ್ಚಿಹೋದಾಗ ಅವರ ಡ್ರಮ್ಮುಗಳನ್ನು ತಂದು ಕಾಫಿ ಹಣ್ಣು ಸುಲಿಯುವ ಪಲ್ಪ್ ಹೌಸಿನ ಮೂಲೆಯಲ್ಲಿ ಇಟ್ಟುಕೊಂಡು, ಕಾಫಿ ಗಿಡದ ಕಟ್ಟಿಗೆಯಿಂದ ತಾವೇ ಕೆತ್ತಿದ ಕೋಲಿನಲ್ಲಿ ಅಭ್ಯಾಸ ಮಾಡಿದರು. ಆ ಒಂದು ತಡವಾದ ಪೆಟ್ಟು ಒಂದು ದಿನವೂ ಅವರ ಕೈಗೆ ಬರಲಿಲ್ಲ. ಪ್ರತಿ ಸಲವೂ ಮೊದಲೇ ಬಿದ್ದುಬಿಡುತ್ತಿತ್ತು. ಮೇಜು, ಜೀಪಿನ ಸ್ಟೇರಿಂಗು, ಮಲಗಿದಾಗ ನನ್ನ ಮೊಣಕೈ, ಎಲ್ಲದರ ಮೇಲೂ ಬೆರಳು ಬಡಿಯುತ್ತಲೇ ಇರುತ್ತಿದ್ದರು. ಎಲ್ಲ ಕಡೆಯೂ ಮೊದಲೇ.

ರೆಜಿ ಸತ್ತ ದಿನ ಆ ಬೆರಳುಗಳು ನಿಂತವು. ನಾನು ಸಿಟ್ಟು ಇಳಿಸಿಕೊಂಡು ಸುಮ್ಮನಾದದ್ದು ಅದಕ್ಕೇ. ಸೂತಕವೆಂದು ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದರು, ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಕಾಫಿ ಕೊಯ್ಲಿನ ಕಾಲದಲ್ಲಿ ಯಾರಾದರೂ ಹಾಗೆ ಕೂರುತ್ತಾರೆಯೇ? ಹನ್ನೊಂದನೆಯ ದಿನ ತಿಥಿ ಮಾಡಬೇಕು ಎಂದಾಗ, ಮಾಡಿ, ಏನು ಬೇಕಾದರೂ ಮಾಡಿ ಎಂದೆ.

ಕಳಸದಿಂದ ಬಂದ ಜೋಯಿಸರು ಮೊದಲು ನಕ್ಕರು. ಸತ್ತವರು ನಿಮಗೆ ಏನಾಗಬೇಕು ಎಂದು ಕೇಳಿದರು. ಗುರು ಎಂದರು ಇವರು. ಗುರುವಿಗೆ ಶಿಷ್ಯ ಕ್ರಿಯೆ ಮಾಡುವುದಕ್ಕೆ ಶಾಸ್ತ್ರದಲ್ಲಿ ಅಡ್ಡಿಯಿಲ್ಲ ಎಂದು ಜೋಯಿಸರು ಒಪ್ಪಿದರು. ಒಪ್ಪಿದ ಮೇಲೆ ಬಹಳ ಕಟ್ಟುನಿಟ್ಟಾದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ, ಅದು ಸರಿಹೋಯಿತು. ಆದರೆ ಮೂರು ತಲೆಮಾರಿನ ಹೆಸರಿಲ್ಲದೆ ಪಿಂಡ ಇಡಲಾಗುವುದಿಲ್ಲ ಎಂದು ಹಟ ಹಿಡಿದರು. ರೆಜಿಯ ಅಪ್ಪ ಯಾರೆಂದು ಇವರಿಗೆ ಗೊತ್ತಿರಲಿಲ್ಲ. ರೆಜಿಗೆ ಕೋಲು ಹಿಡಿಯುವುದನ್ನು ಕಲಿಸಿದ ಹೋಟೆಲ್ ಬ್ಯಾಂಡಿನವನನ್ನು ಅಪ್ಪನ ಜಾಗಕ್ಕೂ, ಅವನಿಗೆ ಕಲಿಸಿದ ಪಟಾಲಮ್ಮಿನ ನಗಾರಿಯವನನ್ನು ಅಜ್ಜನ ಜಾಗಕ್ಕೂ ಹಾಕಿಸಿದರು. ಮಕ್ಕಳು ಎಂದು ಕೇಳಿದಾಗ, ರೆಜಿಯ ನಂತರ ಡ್ರಮ್ ಹಿಡಿದವರೆಲ್ಲ ಅವನ ಮಕ್ಕಳೇ, ಲೆಕ್ಕಕ್ಕೆ ನೋಡಿದರೆ ಅರ್ಧ ಪ್ರಪಂಚ ಸೂತಕದಲ್ಲಿರಬೇಕಿತ್ತು ಎಂದರು. ಜೋಯಿಸರು ಅಷ್ಟು ಜನರನ್ನು ಮಂತ್ರದಲ್ಲಿ ಸೇರಿಸಲಾಗದು, ಇತ್ಯಾದಿ ಎನ್ನುತ್ತೇನೆ ಎಂದರು.

ತಿಥಿಯ ದಿನ ಕಾಫಿ ಒಣಗಿಸುವ ಕಣದ ಅರ್ಧಕ್ಕೆ ಸಿಪ್ಪೆ ಸುಲಿದ ಬೀಜದ ಪಾರ್ಚ್‌ಮೆಂಟ್ ಹರಡಿತ್ತು. ಉಳಿದರ್ಧವನ್ನು ಗುಡಿಸಿ, ಸಾರಿಸಿ, ರಂಗೋಲಿ ಹಾಕಿ, ಎಡೆಗೆ ಜಾಗ ಮಾಡಿದ್ದೆವು. ಮೂಡಿಗೆರೆಯ ಕ್ಲಬ್ಬಿನಿಂದ ಪ್ಲಾಂಟರುಗಳು ಜೀಪು ಮಾಡಿಕೊಂಡು ಬಂದರು, ಎಲ್ಲರೂ ಬಿಳಿ ಅಂಗಿ, ಕಪ್ಪು ಕನ್ನಡಕ. ನಮ್ಮ ಮೇಸ್ತ್ರಿ ಗುರುವಯ್ಯ ಆಳುಗಳಿಗೆ ಅರ್ಧ ದಿನ ರಜೆ ಎಂದು ಸಾರಿದ್ದ. ಸತ್ತವರು ಯಾರು ಎಂದು ಅವರು ಕೇಳಿದ್ದಕ್ಕೆ, ಸಾಹುಕಾರ್ರಿಗೆ ಬೇಕಾದವ್ರು, ಹೊರದೇಶದಲ್ಲಿ ವಾದ್ಯದ ಕೆಲಸದಲ್ಲಿದ್ರು ಎಂದು ಹೇಳಿದನಂತೆ. ಅದು ಸುಳ್ಳೇನಲ್ಲ. ಜೋಯಿಸರು ಎಲೆಯ ಮೇಲೆ ಕಡುಬು, ಪಾಯಸ, ಕುಂಬಳಕಾಯಿ ಪಲ್ಯ ಇಡಿಸಿದರು. ರೆಜಿಗೆ ಬೆಣ್ಣೆ ಸವರಿದ ಬ್ರೆಡ್ ಎಂದರೆ ಪ್ರಾಣ ಎಂದು ಇವರು ಎಲ್ಲೋ ಓದಿದ್ದರಿಂದ ಅದೂ ಬಂತು. ಪಕ್ಕದಲ್ಲಿ ಕಾಫಿ ಕಟ್ಟಿಗೆಯ ಕೋಲು ಎರಡು. ಒಂದು ಲೋಟ ಬ್ರಾಂಡಿಯನ್ನು ಇವರು ಇಟ್ಟಾಗ ಜೋಯಿಸರು ಕಣ್ಣುಮುಚ್ಚಿ ಮಂತ್ರ ಹೇಳುತ್ತಿದ್ದರು, ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

ಇನ್ನೇನು ಮುಗಿಯಿತು, ಕಾಗೆ ಬಂದು ಮುಟ್ಟಿದರೆ ಊಟಕ್ಕೆ ಏಳಬಹುದು ಎಂದು ಜೋಯಿಸರು ಹೇಳಿದ ಮೇಲೆಯೇ ನಾನು ಇವರನ್ನು ಒಳಗೆ ಕರೆದು ಸೂಜಿ ಚುಚ್ಚಿದ್ದು. ಇವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಇನ್ಸುಲಿನ್ ಕೊಡುವುದು ನನ್ನ ಕೆಲಸ, ಕೊಟ್ಟ ಮೇಲೆ ಉಣ್ಣುವುದು ಅವರ ಕೆಲಸ. ಚುಚ್ಚಿದ ಮೇಲೆ ಊಟ ತಡವಾದರೆ ಮೈ ತಣ್ಣಗಾಗಿ ಜ್ಞಾನ ತಪ್ಪುತ್ತದೆ, ಹಾಗೇ ಹೋದವರೂ ಇದ್ದಾರೆ ಎಂದು ಡಾಕ್ಟರು ನನ್ನನ್ನು ಹೆದರಿಸಿ ಹೇಳಿದ್ದರು. ಇವರು ಊಟಕ್ಕೂ ಅವಸರದ ಮನುಷ್ಯನಾದ್ದರಿಂದ ಆ ಭಯ ನನಗೆ ಅದುವರೆಗೆ ಇರಲಿಲ್ಲ.

ಕಾಗೆ ಬರಲಿಲ್ಲ.

ಜೀಪಿನ ಮೇಲೆ ಸ್ಪೀಕರ್ ಕಟ್ಟಿ ಐರನ್ ಪಾರ್ಸನ್ಸ್ ಹಾಕಿದ್ದರು. ಆ ಗದ್ದಲಕ್ಕೆ ಕಾಗೆಯಿರಲಿ ಕಾಡುಹಂದಿಯೂ ಬರದು ಎಂದು ಗುರುವಯ್ಯ ಹೇಳಿ ಅದನ್ನು ನಿಲ್ಲಿಸಿದ. ಆಮೇಲೂ ಬರಲಿಲ್ಲ. ಗುರುವಯ್ಯ ಕೈ ಬಾಯಿಗಿಟ್ಟು ಕಾ ಕಾ ಎಂದು ಕರೆದ. ಊರಿನ ಎಷ್ಟೋ ತಿಥಿಗಳಲ್ಲಿ ಅವನು ಕರೆದರೆ ಬಂದೇ ಬರುವ ಕಾಗೆಗಳು ಆ ದಿನ ಸಿಲ್ವರ್ ಓಕ್ ಮರಗಳಲ್ಲಿ ಒಂದೂ ಕಾಣಲಿಲ್ಲ. ಸತ್ತವ್ರಿಗೆ ನಮ್ಮ ಭಾಷೆ ತಿಳೀತದೋ ಇಲ್ವೋ ಎಂದು ಅವನು ತಲೆ ಕೆರೆದುಕೊಂಡ. ಆಗ ಪಕ್ಕದ ತೋಟದ ರುದ್ರೇಶ್ ಮುಂದೆ ಬಂದು, ಕನ್ನಡಕ ತೆಗೆದು, ಆಕಾಶದ ಕಡೆ ನೋಡಿ, "ಪ್ಲೀಸ್ ಕಮ್, ಸರ್. ಲಂಚ್ ಈಸ್ ರೆಡಿ" ಎಂದರು. ಕ್ಲಬ್ಬಿನವರೆಲ್ಲ ಗಂಭೀರವಾಗಿ ಮೇಲೆ ನೋಡಿದರು.

ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಮಗಳ ಮದುವೆ ಮಾಡುತ್ತೇನೆ, ತಮ್ಮನಿಗೆ ಪಾಲು ಕೊಡುತ್ತೇನೆ ಎಂದು ಯಾರಾದರೂ ಗಟ್ಟಿಯಾಗಿ ಮಾತು ಕೊಟ್ಟರೆ ಬರುತ್ತದೆ. ರೆಜಿಯ ಆಸೆ ಏನಿದ್ದೀತು ಎಂದು ಚರ್ಚೆ ಶುರುವಾಯಿತು. ಇವರು ಎಲೆಯ ಮುಂದೆ ಕೈಮುಗಿದು, ನಿಮ್ಮ ತಟ್ಟೆಗಳಿಗೆ ಬೂಷ್ಟು ಹತ್ತಲು ಬಿಡುವುದಿಲ್ಲ ಎಂದು ಮಾತು ಕೊಟ್ಟರು. ಬರಲಿಲ್ಲ. ಪ್ರತಿ ವರ್ಷ ಕ್ಲಬ್ಬಿನಲ್ಲಿ ನಿಮ್ಮ ದಿನ ಮಾಡುತ್ತೇವೆ ಎಂದರು ಇನ್ನೊಬ್ಬರು. ಅದಕ್ಕೂ ಇಲ್ಲ. ಆಗ ಎಲ್ಲರೂ ನಿಧಾನವಾಗಿ ರುದ್ರೇಶರ ಕಡೆ ತಿರುಗಿದರು. ಯಾಕೆಂದರೆ ಎಂದೋ ಒಂದು ಕ್ಲಬ್ ಡೇ ದಿನ ರುದ್ರೇಶ್ ಎಲ್ಲರೆದುರು, ರೆಜಿಗೆ ಬೇಗ ಬಾರಿಸಲು ಬರುವುದಿಲ್ಲ, ಅದಕ್ಕೇ ನಿಧಾನ ಬಾರಿಸಿ ಅದನ್ನೇ ದೊಡ್ಡದು ಮಾಡಿಕೊಂಡಿದ್ದಾನೆ ಎಂದಿದ್ದರು. ನನ್ನ ಗಂಡ ಅವರ ಜೊತೆ ಬಹಳ ಕಾಲ ಮಾತು ಬಿಟ್ಟಿದ್ದರು, ಬೇಲಿಯ ವಿಚಾರಕ್ಕೂ ತೋಟದ ಲೆಕ್ಕ ಬರೆಯುವ ರೈಟರನ್ನೇ ಕಳಿಸುತ್ತಿದ್ದರು.

ರುದ್ರೇಶರಿಗೆ ಕಷ್ಟವಾಯಿತು. ಅಭಿಪ್ರಾಯ ಬದಲಾಯಿಸಿದವರಲ್ಲ ಅವರು. ಆದರೆ ಹೊಟ್ಟೆ ಎಲ್ಲರದೂ ಹಸಿದಿತ್ತು. ಎಲೆಯ ಮುಂದೆ ಮಂಡಿಯೂರಿ, ನಿಮ್ಮ ಎಡಗೈ ಬಗ್ಗೆ ನಾನು ಆಡಿದ ಮಾತನ್ನು ವಾಪಸ್ ತಗೊಳ್ತೇನೆ ಎಂದರು. ಎಲ್ಲರೂ ಮರಗಳ ಕಡೆ ನೋಡಿದರು. ಏನೂ ಅಲುಗಲಿಲ್ಲ. ಮನಸ್ಸಿನಿಂದ ಹೇಳಬೇಕು ಎಂದು ಗುರುವಯ್ಯ ಪಿಸುಗುಟ್ಟಿದ. ಮನಸ್ಸಿನಿಂದಲೇ ಹೇಳಿದ್ದು ಮಾರಾಯ ಎಂದು ರುದ್ರೇಶ್ ರೇಗಿದರು. ಜೋಯಿಸರಿಗೆ ವಸ್ತಾರೆಯಲ್ಲಿ ಇನ್ನೊಂದು ಕ್ರಿಯೆಗೆ ಹೋಗಬೇಕಿತ್ತು, ಪದೇ ಪದೇ ಗಡಿಯಾರ ನೋಡುತ್ತಿದ್ದರು.

ಅಷ್ಟರಲ್ಲಿ ಇವರು ಕಣದ ಕಟ್ಟೆಯ ಮೇಲೆ ಕೂತರು. ತೊಡೆಯ ಮೇಲಿನ ಕೈ ಆಡತೊಡಗಿತು. ನೋಡಿ, ನೋಡಿ, ರುದ್ರಪ್ಪನವರು ಮತ್ತೆ ಬಾರಿಸಲು ಶುರು ಮಾಡಿದರು ಎಂದು ಕ್ಲಬ್ಬಿನವರು ಸಂತೋಷಪಟ್ಟರು. ನಾನು ಆ ಕೈಯನ್ನು ನೋಡಿದೆ. ಅದರಲ್ಲಿ ತಾಳ ಇರಲಿಲ್ಲ, ಬೇಗವೂ ಇಲ್ಲ, ತಡವೂ ಇಲ್ಲ, ಸುಮ್ಮನೆ ನಡುಗುತ್ತಿತ್ತು. ಹಣೆಯಲ್ಲಿ ಬೆವರು. ಮೀಸೆಯಿಲ್ಲದ ತುಟಿ ಬಿಳಿಚಿತ್ತು.

ಓಡಿಹೋಗಿ ಪಾಯಸದ ಪಾತ್ರೆಯಿಂದ ಒಂದು ಸೌಟು ತಂದು ಬಾಯಿಗೆ ಹಿಡಿದೆ. ಹಲ್ಲು ಕಚ್ಚಿ ಮುಖ ತಿರುಗಿಸಿದರು. "ಗುರು ಹಸ್ಕೊಂಡಿರುವಾಗ ನಾನು ಉಣ್ಣದಾ?" ಎಂದರು. ಮಾತು ತೊದಲುತ್ತಿತ್ತು. ಸತ್ತವನಿಗೆ ಹಸಿವೆಲ್ಲಿಯದು, ನೀವು ಸಾಯುತ್ತೀರಿ ಎಂದು ನಾನು ಬೈದೆ, ಅಳುತ್ತಲೇ ರೆಜಿಗೂ ಬೈದೆ. ಜೋಯಿಸರು ಆಪತ್ತಿನಲ್ಲಿ ದೋಷವಿಲ್ಲ, ತಿನ್ನಿ ಎಂದರು. ಕಾಗೆ ಮುಟ್ಟಲಿ ಎಂದರು ಇವರು. ನನಗೆ ನಿಜವಾಗಿ ಭಯವಾಯಿತು. ತಾಳಿ ಕಟ್ಟುವುದರಲ್ಲಿ, ಹಾರ್ನ್ ಹೊಡೆಯುವುದರಲ್ಲಿ, ಎಲ್ಲದರಲ್ಲೂ ಅವಸರ ಮಾಡಿದ ಈ ಮನುಷ್ಯ ಹೋಗುವುದರಲ್ಲೂ ಅವಸರ ಮಾಡಿದರೆ ನಾನು ಈ ಮನೆಯಲ್ಲಿ ಯಾರ ಜೊತೆ ಜಗಳವಾಡಲಿ?

ಸಕ್ಕರೆ ನೀರು ಕದಡಿ ತರುತ್ತೇನೆ, ಗುರುವಯ್ಯನ ಕೈಲಿ ಹಿಡಿಸಿ ಮೂಗು ಮುಚ್ಚಿ ಕುಡಿಸುತ್ತೇನೆ ಎಂದು ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದವಳು ಅಲ್ಲೇ ನಿಂತೆ. ಅಡುಗೆಮನೆಯ ಹಿಂದಿನ ಹಲಸಿನ ಮರದಲ್ಲಿ ಊರಿನ ಕಾಗೆಗಳೆಲ್ಲ ಕೂತಿದ್ದವು. ಸಾಲಾಗಿ, ಸುಮ್ಮನೆ, ನನ್ನ ಬಾಗಿಲನ್ನೇ ನೋಡುತ್ತ.

ನಾನು ದಿನವೂ ಬೆಳಿಗ್ಗೆ ಮಿಕ್ಕ ರೊಟ್ಟಿ ಮುರಿದು ಒಗೆಯುವ ಕಲ್ಲಿನ ಮೇಲೆ ಹಾಕಿ, ಸ್ಟೀಲ್ ತಟ್ಟೆಗೆ ಸೌಟು ಬಡಿದು ಅವುಗಳನ್ನು ಕರೆಯುತ್ತೇನೆ. ಇವತ್ತು ಎಡೆಗೆ ಮೊದಲು ಯಾರಿಗೂ ಏನೂ ಕೊಡಬಾರದು ಎಂದು ಹಾಕಿರಲಿಲ್ಲ. ಪಾಪ, ಬೆಳಿಗ್ಗೆಯಿಂದ ಅಲ್ಲೇ ಕಾದಿವೆ. ಮುಂದಿನ ಕಣದಲ್ಲಿ ಯಾವ ಭಾಷೆಯಲ್ಲಿ ಕೂಗಿದರೂ ಅವುಗಳಿಗೇನು?

ಸಕ್ಕರೆ ಮರೆತು ತಟ್ಟೆ ಸೌಟು ಹಿಡಿದು ಓಡಿದೆ. ಕಣದ ನಡುವೆ, ಜೋಯಿಸರು ತಡೆಯುವ ಮೊದಲು, ದಿನವೂ ಬಡಿಯುವ ಹಾಗೆ ಬಡಿದೆ. ಮೊದಲು ತಟ್ಟೆಯ ಅಂಚಿಗೆ ಸಣ್ಣ ಸಣ್ಣ ಪೆಟ್ಟು, ನಡುವಿಗೆ ಒಂದು ಭಾರದ್ದು, ಮತ್ತೆ ಸಣ್ಣವು, ಆಮೇಲೆ ಕೈ ಮೇಲೆತ್ತಿ ಕಾಗೆ ಬಂತೇ ಎಂದು ಮರದ ಕಡೆ ಒಮ್ಮೆ ನೋಡಿ, ಧಣ್ ಎಂದು ಇನ್ನೊಂದು. ಮನೆಯ ಹೆಂಚಿನ ಮೇಲಿಂದ ಕಾಗೆಗಳು ಎದ್ದು ಬಂದವು. ಎಲ್ಲಕ್ಕಿಂತ ಮುಂದಿದ್ದುದು ನೇರವಾಗಿ ಎಡೆಯ ಮೇಲೆ ಇಳಿದು, ಕಡುಬನ್ನು ತುಳಿದು ದಾಟಿ, ಬೆಣ್ಣೆ ಹಚ್ಚಿದ ಬ್ರೆಡ್ ಎತ್ತಿಕೊಂಡು ಹೋಯಿತು. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ತಿಥಿಯಲ್ಲಿ ಚಪ್ಪಾಳೆ ತಟ್ಟಬಾರದು ಎಂದು ಜೋಯಿಸರು ಗದರಿದರು.

ನಾನು ಇವರ ಕಡೆ ತಿರುಗಿದೆ. ಇವರು ಕಾಗೆಯನ್ನು ನೋಡುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಸೌಟನ್ನು ನೋಡುತ್ತಿದ್ದರು. ಬೆವರಿದ ಮುಖದಲ್ಲಿ ಕಣ್ಣು ಇಷ್ಟಗಲ.

"ರುಕ್ಕು," ಎಂದರು, "ನೀನು ತಡ ಮಾಡಿ ಹೊಡ್ದೆ."

"ನೀವು ಬಾಯಿ ತೆಗೀರಿ."

"ಇನ್ನೊಂದ್ಸಲ ಹೊಡಿ, ತೆಗೀತೀನಿ."

ತೆಗೆದ ಬಾಯಿಗೆ ಪಾಯಸ ಹಾಕಿದೆ. ಮುಚ್ಚುವುದರೊಳಗೆ ಮತ್ತೊಂದು ಸೌಟು. ನುಂಗುತ್ತಲೇ ರುದ್ರೇಶರಿಗೆ ಕೈಸನ್ನೆ ಮಾಡಿ, ಕೇಳಿದ್ಯಾ, ಅದೇ, ಅದೇ ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಖಕ್ಕೆ ರಕ್ತ ಬಂತು, ನಡುಕ ನಿಂತಿತು, ಎಲೆಯ ಮುಂದೆ ಕೂತು ಕಡುಬು ಉಂಡರು. ನಾನು ಕಂಬಕ್ಕೆ ಒರಗಿ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಊಟವಾದ ಮೇಲೆ ನನಗೆ ಬಿಡುಗಡೆ ಸಿಗಲಿಲ್ಲ. ಪಲ್ಪ್ ಹೌಸಿನಿಂದ ಡ್ರಮ್ಮುಗಳನ್ನು ಹೊರಿಸಿ ತಂದು ಕಣದಲ್ಲಿ ಜೋಡಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ರೆಜಿಯ ಎಡೆಯ ಮುಂದಿದ್ದ ಕೋಲುಗಳನ್ನು ಕೈಗೆ ಕೊಟ್ಟರು. ಪ್ಲಾಂಟರುಗಳು ಎಲೆಯಡಿಕೆ ಅಗಿಯುತ್ತ ಸುತ್ತ ನಿಂತರು. ತಾವು ಹುಡುಕಿದ್ದು ನಮ್ಮ ಹಿತ್ತಿಲಲ್ಲೇ ಇತ್ತು, ಈ ಹಾಳು ಅವಸರದಲ್ಲಿ ಕೇಳಿಸಲಿಲ್ಲ ಎಂದು ಇವರು ಎಲ್ಲರಿಗೂ ಹೇಳಿದರು. ನಾನು ಹೊಡೆದೆ. ಪೆಟ್ಟು ಸರಿಯಾದ ಹೊತ್ತಿಗೆ ಬಿತ್ತು, ಶಾಲೆಯ ಗಂಟೆಯ ಹಾಗೆ. ಮತ್ತೆ ಹೊಡೆದೆ. ತಡ ಮಾಡಬೇಕೆಂದು ತಡ ಮಾಡಿದೆ, ಅದು ಬರೀ ತಡವಾಯಿತು. ಕಾಗೆ ಕರೆದದ್ದು ಕಾಕತಾಳೀಯ ಎಂದು ರುದ್ರೇಶ್ ಹೇಳಿದರು. ಎಡೆಯ ಮುಂದೆ ವಾಪಸ್ ತೆಗೆದುಕೊಂಡ ಮಾತನ್ನು ಅವರು ಆಗಲೇ ಮತ್ತೆ ಆಡುವ ಅಂದಾಜಿನಲ್ಲಿದ್ದರು. ಇವರು ಕೋಲುಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂಗಿಯಲ್ಲಿ ಒರೆಸಿ, ಒಳಗೆ ಹೋದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಮರುದಿನ ಬೆಳಿಗ್ಗೆ ರೊಟ್ಟಿ ಮುರಿದುಕೊಂಡು ಹಿತ್ತಿಲಿಗೆ ಹೋದೆ. ಕಾಗೆಗಳು ಹಲಸಿನ ಮರದಲ್ಲಿದ್ದವು. ಸೌದೆ ಒಟ್ಟಿನ ಹಿಂದೆ ಇವರ ರಬ್ಬರ್ ಚಪ್ಪಲಿಯ ತುದಿ ಕಾಣುತ್ತಿತ್ತು. ನನಗೆ ಗೊತ್ತಾಗಬಾರದು, ಗೊತ್ತಾದರೆ ಕೈ ಕೆಡುತ್ತದೆ ಎಂದು ಅಡಗಿ ನಿಂತಿದ್ದಾರೆ. ಹೊಗೆ ಹಿಡಿದ ನೀರಿನ ಡಬ್ಬವೊಂದು ಅಲ್ಲಿದೆ, ಅದರ ಮೇಲೆ ಬೆರಳು ಸಣ್ಣಗೆ ಆಡುತ್ತಿರುವುದೂ ಕೇಳಿಸಿತು. ಅಷ್ಟು ದಿನಗಳ ಮೇಲೆ ಆ ಸದ್ದು ಕೇಳಿ ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ನೋಡದವಳ ಹಾಗೆ ತಟ್ಟೆ ಎತ್ತಿಕೊಂಡೆ. ಅಂಚಿಗೆ ಸಣ್ಣ ಪೆಟ್ಟುಗಳು, ನಡುವಿಗೆ ಭಾರದ್ದೊಂದು, ಮತ್ತೆ ಸಣ್ಣವು. ಕೈ ಮೇಲೆತ್ತಿದೆ. ಸೌದೆಯ ಹಿಂದೆ ಇವರು ತಡೆಯಲಾರದೆ, ಎಂದಿನಂತೆ ಮೊದಲೇ, ಡಬ್ಬದ ಮೇಲೆ ಹೊಡೆದುಬಿಟ್ಟರು. ಆಮೇಲೆ ಅಲ್ಲಿ ಸದ್ದೇ ಇಲ್ಲ, ಉಸಿರೂ ಇಲ್ಲ. ನನ್ನ ಪೆಟ್ಟಿಗೆ ಕಾಯುತ್ತಿದ್ದಾರೆ. ರೆಜಿ ಎಂಬ ಆ ಬೊಕ್ಕತಲೆಯವನು ತನ್ನ ಜನ್ಮವಿಡೀ ಮಾಡಿದ್ದು ಏನೆಂದು ನನಗೆ ಆಗ ಹೊಳೆಯಿತು. ಈ ಪೆಟ್ಟು ಬೀಳುವವರೆಗೆ ನನ್ನ ಅವಸರದ ಗಂಡ ಎಲ್ಲಿಗೂ ಹೋಗುವುದಿಲ್ಲ.

ಸೌಟನ್ನು ಹಾಗೇ ಮೇಲೆ ಹಿಡಿದುಕೊಂಡೆ. ಕಾಗೆಗಳೂ ಕಾದವು.